ಟಾಯ್ಲೆಟ್ ಲೈನಿಗೆ ವೆಂಟ್ ಪೈಪು: 40, 50, 63, 75, 110... ನಿಮ್ಮನೆಗೆ ಯಾವುದು?

ಮನೆ ಕಟ್ಟಿಸೋವಾಗ ಬಾತ್ರೂಮ್ ಟೈಲ್ಸ್ ಆರಿಸೋಕೆ ಅಂತಾನೇ ಮೂರು ಭಾನುವಾರ ಅಂಗಡಿ ಅಂಗಡಿ ಸುತ್ತಿದೀವಿ, ಮುಂಬಾಗಿಲಿಗೆ ತೇಗ ಹಾಕ್ಸೋದಾ ಹೊನ್ನೆ ಹಾಕ್ಸೋದಾ ಅಂತ ಮನೇಲಿ ಎರಡು ದಿನ ಮಾತು ಬಿಟ್ಟಿದೀವಿ, ಆದ್ರೆ ಪ್ಲಂಬರ್ ಬಂದು "ಸಾರ್, ವೆಂಟ್ ಎಷ್ಟು ಹಾಕ್ಲಿ" ಅಂತ ಕೇಳಿದಾಗ ಮಾತ್ರ ನಾನು ಫೋನಿಂದ ತಲೆ ಎತ್ತದೇ "ನಿಮಗೆ ಗೊತ್ತಲ್ಲಪ್ಪಾ, ಎಷ್ಟು ಬೇಕೋ ಅಷ್ಟು ಹಾಕಿ" ಅಂದುಬಿಟ್ಟೆ. ಆತ ಸೈಟಲ್ಲಿ ಬಿದ್ದಿದ್ದ 40 ಎಂಎಂ ತುಂಡುಗಳನ್ನೇ ಜೋಡಿಸಿ ಹಾಕ್ದ. ಅದ್ರ ಫಲ ಒಂದೂವರೆ ವರ್ಷ ಅನುಭವಿಸಿದೀವಿ.

ತುಮಕೂರಲ್ಲಿ 30×40 ಸೈಟು, ಟಾಯ್ಲೆಟ್ಟು ಕೆಳಗೆ ಒಂದು ಮೇಲೆ ಒಂದು. ಗೃಹಪ್ರವೇಶ ಆಗಿ ಮಾವ ಅತ್ತೆ ಮೇಲಿನ ರೂಮಲ್ಲಿದ್ರು. ಬೆಳಗ್ಗೆ ಐದಕ್ಕೆ ಮಾವ ಎದ್ದು ಫ್ಲಶ್ ಮಾಡಿದ್ರೆ ಪಕ್ಕದ ಸ್ನಾನದ ಮನೆ ಜಾಲರಿ ಗುಳುಗುಳು ಅನ್ನೋದು, ಕೆಳಗೆ ನಮ್ಮ ಕಮೋಡಲ್ಲಿ ನೀರು ಬುಳಕ್ ಅಂತ ಒಂದು ಸಲ ಮೇಲಕ್ಕೆ ಕುಣಿಯೋದು. ಮೊದಮೊದಲು ಮಗಳು ಅದನ್ನ ನೋಡೋಕೆ ಅಂತಾನೇ ಕಾಯ್ಕೊಂಡು ಕೂರ್ತಿದ್ಲು. ಆಮೇಲೆ ವಾಸನೆ ಶುರುವಾಯ್ತು. ಫಿನಾಯ್ಲ್ ಸುರಿದ್ವಿ, ನುಸಿಗುಳಿಗೆ ಹಾಕಿದ್ವಿ, ಜಾಲರಿ ಬದಲಾಯಿಸಿದ್ವಿ, ಅತ್ತೆಯವರು ಸಾಮ್ರಾಣಿ ಹೊಗೆ ಹಾಕಿಸಿದ್ರು, ಏನೂ ಆಗ್ಲಿಲ್ಲ. ಕೊನೆಗೆ ಬೇರೆ ಒಬ್ರು ವಯಸ್ಸಾದ ಪ್ಲಂಬರ್ ಬಂದು ಬಾತ್ರೂಮ್ ಒಳಗೆ ಕಾಲೇ ಇಡದೆ ನೇರವಾಗಿ ತಾರಸಿಗೆ ಹತ್ತಿ ನೋಡಿದ್ರು. ಅವರಿಂದ ಕಲಿತಿದ್ದು, ಆಮೇಲೆ ಹಟಕ್ಕೆ ಬಿದ್ದು ಐಎಸ್ ಕೋಡುಗಳನ್ನ (ನಮ್ಮ ದೇಶದ ಸ್ಟ್ಯಾಂಡರ್ಡ್ ನಿಯಮಗಳು) ಓದಿ ತಿಳ್ಕೊಂಡಿದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೀತಿದೀನಿ. ಈಗ ಮನೆ ಕಟ್ಟಿಸ್ತಾ ಇರೋರು ಗಾರೆ ಕೆಲಸ ಮುಗಿಯೋಕೆ ಮುಂಚೆ ಓದಿದ್ರೆ ಒಳ್ಳೇದು.

ವೆಂಟ್ ಅಂದ್ರೆ ವಾಸನೆ ಹೊರಗೆ ಹೋಗೋ ಪೈಪು ಅಂತ ಎಲ್ರೂ ಅಂದ್ಕೊಂಡಿರ್ತೀವಿ. ಅದು ಅರ್ಧ ಮಾತ್ರ ನಿಜ, ಅದ್ರ ದೊಡ್ಡ ಕೆಲಸ ಗಾಳಿನ ಒಳಗೆ ಬಿಡೋದು. ಫ್ಲಶ್ ಮಾಡಿದಾಗ ಆರು ಲೀಟರ್ ನೀರು, ಹಳೇ ಟ್ಯಾಂಕಾದ್ರೆ ಹತ್ತು ಲೀಟರ್, ಕೆಲವೇ ಸೆಕೆಂಡಲ್ಲಿ ಪೈಪಿಗೆ ನುಗ್ಗತ್ತೆ, ಅದು ಇಳೀತಾ ಮುಂದಿರೋ ಗಾಳಿನ ತಳ್ಳತ್ತೆ, ಹಿಂದಿರೋ ಗಾಳಿನ ಎಳ್ಕೊಳತ್ತೆ, ಇಂಜೆಕ್ಷನ್ ಸಿರಿಂಜಿನ ಹಾಗೆ. ಆ ಎಳೆತಕ್ಕೆ ಬೇಕಾದ ಗಾಳಿ ಮೇಲಿಂದ ಸಿಗ್ಲಿಲ್ಲ ಅಂದ್ರೆ ಅದು ಎಲ್ಲಿ ಸಲೀಸೋ ಅಲ್ಲಿಂದ ಎಳ್ಕೊಳತ್ತೆ, ಅಂದ್ರೆ ನಿಮ್ಮ ಸ್ನಾನದ ಮನೆ ಟ್ರ್ಯಾಪಿಂದ, ಅಂದ್ರೆ ಜಾಲರಿ ಕೆಳಗೆ ನೀರು ನಿಂತು ಮೋರಿ ವಾಸನೆ ಮೇಲೆ ಬರದ ಹಾಗೆ ತಡೆಯೋ ಜಾಗದಿಂದ. ಟ್ರ್ಯಾಪಲ್ಲಿ ನಿಂತಿರೋ ನೀರಿನ ಮಟ್ಟ ಬರೀ 50 ಎಂಎಂ. ನಮ್ಮ ಸುತ್ತ ಇರೋ ವಾತಾವರಣದ ಒತ್ತಡ ಸುಮಾರು ಹತ್ತು ಮೀಟರ್ ನೀರಿಗೆ ಸಮ, ಅದ್ರಲ್ಲಿ ಇನ್ನೂರರಲ್ಲಿ ಒಂದು ಭಾಗ ವ್ಯತ್ಯಾಸ ಆದ್ರೂ ಸಾಕು, ಆ 50 ಎಂಎಂ ನೀರು ಸೋತುಹೋಗತ್ತೆ. ನಿಮಗೆ ಕೇಳ್ಸೋ ಗುಳುಗುಳು ಅಂದ್ರೆ ಇದೇ. ಒಂದ್ಸಲ ನೀರು ಹೋದ ಮೇಲೆ ಮೋರಿಗೂ ನಿಮ್ಮ ಬೆಡ್ರೂಮಿಗೂ ನಡುವೆ ಏನೂ ಅಡ್ಡ ಇಲ್ಲ.

ಹಾಗಾಗಿ ವೆಂಟ್ ಸೈಜು ಅಂದ್ರೆ ವಾಸನೆ ಎಷ್ಟಿದೆ ಅನ್ನೋ ಲೆಕ್ಕ ಅಲ್ಲ, ನೀರು ಬೀಳೋ ವೇಗಕ್ಕೆ ತಕ್ಕಷ್ಟು ಗಾಳಿ ಒಳಗೆ ಬರತ್ತಾ ಅನ್ನೋ ಲೆಕ್ಕ.

ಮೊದ್ಲು ಅಂಗಡಿ ಭಾಷೆ

ಅಂಗಡೀಲಿ ಇಂಚು ಅಂತಾರೆ, ಪೈಪಿನ ಮೇಲೆ ಎಂಎಂ ಇರತ್ತೆ, ಇದೇ ಅರ್ಧ ಗೊಂದಲ. 110 ಅಂದ್ರೆ ನಾಲ್ಕಿಂಚು, 90 ಅಂದ್ರೆ ಮೂರಿಂಚು, 75 ಅಂದ್ರೆ ಎರಡೂವರೆ, 63 ಅಂದ್ರೆ ಎರಡು, 50 ಅಂದ್ರೆ ಒಂದೂವರೆ, 40 ಅಂದ್ರೆ ಒಂದೂಕಾಲು. ಕೆಲವು ಅಂಗಡೀಲಿ 75ನ್ನೇ ಮೂರಿಂಚು ಅಂತ ಕೊಡ್ತಾರೆ, ಅದಕ್ಕೇ ಎಂಎಂ ಹೇಳಿ ತಗೊಳ್ಳಿ. ಇದು ಹೊರಗಿನ ಅಳತೆ, ಒಳಗಿನ ತೂತು ಇನ್ನೂ ಸಣ್ಣದು.

ಟಾಯ್ಲೆಟ್ ಲೈನಿಗೆ ಬರೋ ಬೂದು ಬಣ್ಣದ ಎಸ್‌ಡಬ್ಲ್ಯೂಆರ್ (ಮಲ, ವೇಸ್ಟ್, ಮಳೆ ನೀರಿನ) ಪೈಪಿಗೆ ಐಎಸ್ 13592 ಅನ್ನೋ ಸ್ಟ್ಯಾಂಡರ್ಡ್ ಇದೆ, ಅದ್ರಲ್ಲಿ ಟೈಪ್ ಎ, ಟೈಪ್ ಬಿ ಅಂತ ಎರಡು. ಟೈಪ್ ಎ ತೆಳು, ಮಳೆ ನೀರಿಗೆ ಮತ್ತೆ ವೆಂಟಿಗೆ. ಟೈಪ್ ಬಿ ದಪ್ಪ, ಮಲದ ಲೈನಿಗೆ ಮತ್ತೆ ವೇಸ್ಟ್ ನೀರಿಗೆ (ಸ್ನಾನದ ಮನೆ, ಬೇಸಿನ್, ಸಿಂಕಿನ ನೀರು). 110ರಲ್ಲಿ ಎ ಅಂದ್ರೆ 2.2 ಎಂಎಂ ದಪ್ಪ, ಬಿ ಅಂದ್ರೆ 3.2. ಪೈಪಿನ ಮೈಮೇಲೆ ಪ್ರಿಂಟ್ ಇರತ್ತೆ, ಓದ್ಕೊಳ್ಳಿ. ವೆಂಟಿಗೆ ಟೈಪ್ ಎ ಸಾಕು, ಅಲ್ಲಿ ದುಡ್ಡು ಉಳಿಸಬಹುದು, ತಪ್ಪೇನಿಲ್ಲ. ಆದ್ರೆ ಉಲ್ಟಾ ಮಾಡ್ಬೇಡಿ, ಟೈಪ್ ಎ ಪೈಪನ್ನ ಕಮೋಡ್ ಲೈನಿಗೆ ಹಾಕಿ ಅದ್ರ ಮೇಲೆ ಕಾಂಕ್ರೀಟ್ ಹಾಕೋರೂ ಇದ್ದಾರೆ.

ತೂತಿನ ಲೆಕ್ಕ ಒಂದ್ಸಲ ನೋಡಿ, ಆಮೇಲೆ ಎಲ್ಲ ಸುಲಭ. ಟೈಪ್ ಎ ಲೆಕ್ಕದಲ್ಲಿ 50 ಎಂಎಂ ಪೈಪಿನ ಒಳಗಿನ ತೂತು ಒಂದು ಪಾಲು ಅಂತಿಟ್ಕೊಂಡ್ರೆ 63ರದ್ದು ಒಂದೂವರೆಗಿಂತ ಸ್ವಲ್ಪ ಜಾಸ್ತಿ, 75ರದ್ದು ಸುಮಾರು 2.4 ಪಾಲು, 110ರದ್ದು ಐದು ಪಾಲಿಗಿಂತ ಜಾಸ್ತಿ. 40ರದ್ದು ಬರೀ 0.6. ಇದೂ ಪೂರ್ತಿ ಕಥೆ ಅಲ್ಲ, ಪೈಪಿನೊಳಗೆ ಗಾಳಿ ಉಜ್ಜಿಕೊಂಡು ಹೋಗೋ ತಡೆ ವ್ಯಾಸದ ಐದನೇ ಘಾತದ ಲೆಕ್ಕದಲ್ಲಿ ಬದಲಾಗತ್ತೆ. ಅಂದ್ರೆ ಅಷ್ಟೇ ಗಾಳಿ ಅಷ್ಟೇ ಉದ್ದ ಹೋಗ್ಬೇಕಾದ್ರೆ 75ಕ್ಕಿಂತ 50ರಲ್ಲಿ ಎಂಟು ಪಟ್ಟಿಗೂ ಜಾಸ್ತಿ ತಡೆ. ಒಂದಿಂಚು ಕಡಿಮೆ ಆದ್ರೆ ಏನ್ ಮಹಾ ಅನ್ನೋರಿಗೆ ಇದೇ ಉತ್ತರ.

ಈಗ ಒಂದೊಂದಾಗಿ

110, ಅಂದ್ರೆ ಬೇರೆ ವೆಂಟೇ ಬೇಡ, ಮಲದ ಪೈಪನ್ನೇ ಹಾಗೇ ಮೇಲಕ್ಕೆ ಎತ್ತೋದು. ಗ್ರೌಂಡ್ ಪ್ಲಸ್ ಒಂದು, ಪ್ಲಸ್ ಎರಡು ಮನೆಗೆ, ಟಾಯ್ಲೆಟ್ಟುಗಳು ಒಂದರ ಮೇಲೊಂದು ಇದ್ರೆ, ಕಣ್ಮುಚ್ಕೊಂಡು ಇದನ್ನೇ ಮಾಡಿ ಅಂತೀನಿ. ಕಮೋಡಿಂದ ಬರೋ ಲೈನು ಡಕ್ಟಲ್ಲೋ ಹೊರಗಡೆ ಗೋಡೆ ಮೇಲೋ 110ರಲ್ಲಿ ಕೆಳಗಿಳಿಯತ್ತಲ್ಲ, ಅದನ್ನ ಮೇಲಿನ ಟಾಯ್ಲೆಟ್ ಹತ್ರ ಮುಚ್ಚಿಬಿಡದೆ ಅದೇ ಸೈಜಲ್ಲಿ ತಾರಸಿ ದಾಟಿಸಿ ತುದೀಲಿ ಕೌಲ್ (ಗಾಳಿ ಆಡೋ ಟೋಪಿ) ಹಾಕೋದು, ಅಷ್ಟೇ. ಕೋಡಲ್ಲೂ ಇದಕ್ಕೆ ಸರಿಯಾದ ಮಾತಿದೆ, ಮಲದ ಪೈಪೇ ವೆಂಟ್ ಆಗಿದ್ರೆ ನೀರು ಹರಿಯದ ಮೇಲಿನ ಭಾಗ ಕೆಳಗಿನ ಭಾಗಕ್ಕಿಂತ ಸಣ್ಣದಿರಬಾರದು. ರೆಡ್ಯೂಸರ್ ಹಾಕಿ ಮೇಲೆ ಸಣ್ಣ ಮಾಡೋದು ನಮ್ಮ ಕಡೆ ಎಲ್ಲಾ ಕಡೆ ನಡೆಯತ್ತೆ, ನಮ್ಮನೇಲೂ ಆಗಿದ್ದು ಅದೇ. ಆ ಎರಡು ಲೆಂತ್ ಪೈಪಲ್ಲಿ ಉಳಿಯೋದು ಹೆಚ್ಚೂಕಮ್ಮಿ ಒಂದು ಕೇಜಿ ಮಟನ್ ದುಡ್ಡು.

ಇದ್ರ ಅವಗುಣ ಅಂದ್ರೆ ನೋಡೋಕೆ ದಪ್ಪ, ಎಲಿವೇಷನ್ ಕಡೆ ಬಂದ್ರೆ ಆರ್ಕಿಟೆಕ್ಟ್ ಮುಖ ಸಿಂಡರಿಸ್ತಾರೆ. ಹೆಂಚಿನ ಮಾಡು ಇರೋ ಮಲೆನಾಡ ಮನೆಗಳಲ್ಲಿ ಇಷ್ಟು ದಪ್ಪ ಪೈಪು ಹೆಂಚು ತೂರಿಸಿ ತಗೊಂಡ್ರೆ ಸುತ್ತ ನೀರು ಸೋರೋದು ನಿಲ್ಸೋದು ಕಷ್ಟ, ಅಲ್ಲಿ ಮಾಡಿನ ಸೂರು ತಪ್ಪಿಸಿ ಹೊರಗೋಡೆ ಮೇಲೆ ಎತ್ತೋದೇ ವಾಸಿ.

75, ನಾಲ್ಕಿಂಚು ಎತ್ತೋಕೆ ಆಗದೇ ಇರೋರಿಗೆ ಮತ್ತೆ ಬೇರೆಯಾಗಿ ವೆಂಟ್ ಬೇಕಾದೋರಿಗೆ. ಅಪಾರ್ಟ್ಮೆಂಟ್ ಡಕ್ಟ್ ಒಳಗೆ ಬಗ್ಗಿ ನೋಡಿದ್ರೆ ಎರಡು ದಪ್ಪ ಪೈಪಿನ ಪಕ್ಕ ಒಂದು ಸಣ್ಣ ಪೈಪು ಜೊತೆಗೇ ಮೇಲಕ್ಕೆ ಹೋಗಿ ನಡುನಡುವೆ ದಪ್ಪ ಪೈಪಿಗೆ ಅಡ್ಡ ಸೇರಿರೋದು ಕಾಣತ್ತಲ್ಲ, ಹೆಚ್ಚಾಗಿ ಅದು ಇದೇ. ಮಹಡಿ ಜಾಸ್ತಿ ಆದಂಗೆ ಮೇಲಿನ ವೆಂಟ್ ಒಂದೇ ಸಾಲಲ್ಲ, ಹಾಗಾಗಿ ಪಕ್ಕದಲ್ಲೊಂದು ಗಾಳಿ ಲೈನು. ನಾಲ್ಕೈದು ಮಹಡಿ ಕಟ್ಟಿ ಬಾಡಿಗೆಗೆ ಬಿಡೋ ಯೋಚನೆ ಇದ್ರೆ ಇದನ್ನ ಪ್ಲಂಬರ್ ಹೇಳಿದ್ದು, ನಾನು ಬರೆದಿದ್ದು ನೋಡಿ ತೀರ್ಮಾನ ಮಾಡ್ಬೇಡಿ, ಎಷ್ಟು ಟಾಯ್ಲೆಟ್ಟು ಎಷ್ಟು ಎತ್ತರ ಅಂತ ಲೆಕ್ಕ ಹಾಕೋ ಇಂಜಿನಿಯರ್ ಬೇಕು. ಮನೆಯ ಡ್ರೈನ್ ಲೈನಿಗೆ ಅಂತ ಹಾಕೋ ವೆಂಟು 75ಕ್ಕಿಂತ ಕಡಿಮೆ ಇರಬಾರದು ಅಂತ ನಮ್ಮ ಕೋಡು ಹೇಳತ್ತೆ. ಆದ್ರಿಂದ ಮನೆಗೆ ಇರೋದು ಒಂದೇ ವೆಂಟ್ ಅಂದ್ರೆ 75ಕ್ಕಿಂತ ಕೆಳಗೆ ಇಳಿಯೋ ಮಾತೇ ಇಲ್ಲ.

63 ಅನ್ನೋದು ಪಾಪ ನಡುವಿನ ಮಗು, ಯಾರೂ ಕೇಳಲ್ಲ. ಆದ್ರೆ ಮೇನ್ ಲೈನಿಂದ ದೂರ ಇರೋ ಒಂಟಿ ಟಾಯ್ಲೆಟ್ಟಿಗೆ ಇದು ಹೇಳಿ ಮಾಡ್ಸಿದ್ದು. ಆಮೇಲೆ ಹಿಂದುಗಡೆ ಒಂದು ರೂಮು ಏರಿಸಿ ಅಟ್ಯಾಚ್ಡ್ ಮಾಡ್ಸಿರ್ತೀರ, ಅಲ್ಲಿಂದ ನಾಲ್ಕೈದು ಮೀಟರ್ ಅಡ್ಡ ಬಂದು ಮೇನ್ ಲೈನಿಗೆ ಸೇರತ್ತೆ, ಆ ಅಡ್ಡ ಪೈಪು ಒಂದೇ ಫ್ಲಶ್ಶಿಗೆ ತುಂಬಿಕೊಂಡು ಎಳೆಯತ್ತೆ. ಆಗ ಟಾಯ್ಲೆಟ್ ಹತ್ರಾನೇ ಪೈಪಿನ ನೆತ್ತಿಯಿಂದ ಒಂದು ಕೊಂಬೆ ವೆಂಟ್ ತೆಗ್ದು ಮೇಲಕ್ಕೆ ಎತ್ಬೇಕು. ಕೋಡಲ್ಲಿ ಮಲದ ಪೈಪಿನ ಕೊಂಬೆ ವೆಂಟು ಕನಿಷ್ಠ 32 ಎಂಎಂ, ವೇಸ್ಟ್ ಪೈಪಿಂದಾದ್ರೆ ಆ ಪೈಪಿನ ಮೂರನೇ ಎರಡು ಭಾಗ, ಕನಿಷ್ಠ 25. ಕೊಂಬೆ ಹೋಗಿ ಸೇರೋ ಮೇನ್ ವೆಂಟು ಯಾವ ಕಾರಣಕ್ಕೂ 50ಕ್ಕಿಂತ ಕಡಿಮೆ ಆಗಬಾರದು. 32 ಅನ್ನೋದು ಕೊಂಬೆಗೆ ಹೇಳಿದ ಅಳತೆ, ಅದನ್ನೇ ಕೆಲವರು ಮನೆಗೆಲ್ಲ ಒಂದೇ ವೆಂಟ್ ಮಾಡಿ ಹಾಕ್ಬಿಟ್ಟು "ಕೋಡಲ್ಲೇ ಇದೆ ಸಾರ್" ಅಂತಾರೆ. ನಾನು ಕೊಂಬೆಗೂ 50ಕ್ಕಿಂತ ಕಡಿಮೆ ಹಾಕಲ್ಲ, ಕೊಂಬೆ ಒಬ್ಬಂಟಿಯಾಗಿ ತಾರಸಿ ತನಕ ಹೋಗ್ಬೇಕು ಅಂದ್ರೆ 63.

50 ಅಂದ್ರೆ ಆ ಕೊಂಬೆಗೆ, ವಾಷ್ ಬೇಸಿನ್ ಮತ್ತೆ ಅಡುಗೆಮನೆ ಸಿಂಕಿನ ಲೈನಿಗೆ, ಅಷ್ಟಕ್ಕೆ ಸಾಕು.

40 ಬೇಡ. ಸಣ್ಣ ಪೈಪಿಗೆ ಇನ್ನೊಂದು ಶತ್ರು ಇದೆ, ಜಾಲರಿ. ಸೊಳ್ಳೆ ಬರಬಾರದು ಅಂತ ತುದೀಲಿ ಜಾಲರಿ ಕಟ್ತೀವಿ, ಆ ಜಾಲರಿಯ ತಂತೀನೇ ಒಂದಷ್ಟು ಜಾಗ ತಿನ್ನತ್ತೆ, ಮೇಲೆ ಧೂಳು, ಜೇಡರ ಬಲೆ, ಪೇಂಟ್ ಹೊಡಿಯೋವಾಗ ಬಿದ್ದ ಬಣ್ಣ. 110ರಲ್ಲಿ ಅರ್ಧ ಮುಚ್ಚಿದ್ರೂ ಇನ್ನೂ 75ಕ್ಕಿಂತ ಸ್ವಲ್ಪ ಜಾಸ್ತೀನೇ ತೂತು ಉಳಿದಿರತ್ತೆ. 40ರಲ್ಲಿ ಅರ್ಧ ಮುಚ್ಚಿದ್ರೆ ಉಳಿಯೋದು ಪೆನ್ಸಿಲ್ ಕಟ್ಟಿನಷ್ಟು. ನಮ್ಮನೆ ತಾರಸಿಗೆ ಹತ್ತಿದ ಆ ಹಿರಿಯ ಪ್ಲಂಬರ್ ಎಲ್ಬೋ ಕಿತ್ತು ತೋರ್ಸಿದ್ರು, ಒಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು, ಇನ್ನೇನು ಒಂದು ಬೆರಳು ತೂರೋಷ್ಟು ಸಂದಿ. "ನಿಮ್ಮನೆ ಮೂಗು ಕಟ್ಟಿದೆ ಸಾರ್, ಅದಕ್ಕೇ ಬಾಯಲ್ಲಿ ಉಸಿರಾಡ್ತಿದೆ" ಅಂದ್ರು.

ಅಮೆರಿಕದ ವಿಡಿಯೋ ನೋಡಿ ಕನ್ಫ್ಯೂಸ್ ಆದೋರಿಗೆ ಒಂದು ಮಾತು. ನಮ್ಮ ಭಾಮೈದ ಡಲ್ಲಾಸಲ್ಲಿದಾನೆ, ನಮ್ಮ ಕಥೆ ಕೇಳಿ "ಭಾವ, ಎರಡಿಂಚು ಸಾಕು, ಇಲ್ಲೆಲ್ಲ ಅಷ್ಟೇ" ಅಂತ ಲಿಂಕ್ ಕಳ್ಸಿದ್ದ. ಸುಳ್ಳಲ್ಲ, ಅಲ್ಲಿ ಯುಪಿಸಿ ಅನ್ನೋ ಕೋಡಲ್ಲಿ ಟಾಯ್ಲೆಟ್ಟಿಗೆ ಎರಡಿಂಚು ವೆಂಟು, ಐಪಿಸಿ ಅನ್ನೋ ಇನ್ನೊಂದರಲ್ಲಿ ಡ್ರೈನ್ ಪೈಪಿನ ಅರ್ಧ ಸೈಜಿದ್ರೆ ಆಯ್ತು, ಮೂರಿಂಚು ಡ್ರೈನಿಗೆ ಒಂದೂವರೆ. ಆದ್ರೆ ಅಲ್ಲಿ ಮರದ ಚೌಕಟ್ಟಿನ ಗೋಡೆ, ಅದ್ರೊಳಗೇ ಒಂದೊಂದು ಬೇಸಿನ್ನಿಗೂ ಕಮೋಡಿಗೂ ಹತ್ರದಲ್ಲೇ ವೆಂಟ್ ತಗೊಂಡು ಎಲ್ಲಾ ಮೇಲೆ ಸೇರಿಸ್ತಾರೆ. ನಾವು ಇಟ್ಟಿಗೆ ಗೋಡೇಲಿ ಎಲ್ಲಾದಕ್ಕೂ ಸೇರಿ ಒಂದು ವೆಂಟ್ ಇಟ್ಟು ಅವರ ಸೈಜನ್ನ ಮಾತ್ರ ತಗೊಂಡ್ರೆ ಹೇಗೆ? ತಗೊಳೋದಾದ್ರೆ ಪೂರ್ತಿ ಪದ್ಧತಿ ತಗೋಬೇಕು.

ಸೆಪ್ಟಿಕ್ ಟ್ಯಾಂಕ್ ಇರೋರ ಲೆಕ್ಕ ಬೇರೆ

ಯುಜಿಡಿ (ಊರಿನ ಒಳಚರಂಡಿ) ಕನೆಕ್ಷನ್ ಇಲ್ಲದ ಬಡಾವಣೆ, ಹಳ್ಳಿ, ತೋಟದ ಮನೆ ಇವಕ್ಕೆಲ್ಲ ಟ್ಯಾಂಕೇ ಗತಿ. ಸೆಪ್ಟಿಕ್ ಟ್ಯಾಂಕಿನ ಸ್ಟ್ಯಾಂಡರ್ಡು ಐಎಸ್ 2470, ಅದು ಟ್ಯಾಂಕಿಗೆ ಕನಿಷ್ಠ 50 ಎಂಎಂ ವೆಂಟು, ತುದೀಲಿ ಸೊಳ್ಳೆ ಜಾಲರಿ ಅನ್ನತ್ತೆ. ಎತ್ತರಾನೂ ಹೇಳತ್ತೆ, ಹತ್ತಿರದ ಮನೆಯಿಂದ 15 ಮೀಟರ್ ದೂರ ಇದ್ರೆ ಸುಮಾರು 2 ಮೀಟರ್ ಎತ್ತರ ಸಾಕು, ಅದಕ್ಕಿಂತ ಹತ್ರ ಇದ್ರೆ ಕಟ್ಟಡದ ನೆತ್ತಿಗಿಂತ 2 ಮೀಟರ್ ಮೇಲೆ ಹೋಗ್ಬೇಕು. 30×40ರಲ್ಲಿ 15 ಮೀಟರ್ ಎಲ್ಲಿಂದ ತರೋದು, ಸೈಟಿನ ಉದ್ದಾನೇ 12 ಮೀಟರ್ ಚಿಲ್ಲರೆ. ಅಂದ್ರೆ ಊರೊಳಗೆ ಎಲ್ರೂ ಮನೆಗಿಂತ ಎತ್ತರಕ್ಕೆ ಒಯ್ಯಲೇಬೇಕು. ಆದ್ರೆ ನೋಡಿ, ಕಾಂಪೌಂಡ್ ಪಕ್ಕ ಮೊಣಕಾಲೆತ್ತರದ ಪೈಪಿಗೆ ಒಂದು ಎಲ್ಬೋ ಬಗ್ಗಿಸಿ ಬಿಟ್ಟಿರ್ತಾರೆ, ಸರಿಯಾಗಿ ಪಕ್ಕದ್ಮನೆಯವರ ಅಡುಗೆಮನೆ ಕಿಟಕಿ ಎದುರಿಗೆ.

ಇಲ್ಲಿ 50 ಸಾಕಾ 75 ಬೇಕಾ? ಟ್ಯಾಂಕಿಂದ ಗ್ಯಾಸು ನಿಧಾನಕ್ಕೆ ಬರತ್ತೆ, ಫ್ಲಶ್ಶಿನ ಹಾಗೆ ದಬಕ್ ಅಂತ ಅಲ್ಲ, ಹಾಗಾಗಿ ಬರೀ ಗ್ಯಾಸ್ ಲೆಕ್ಕಕ್ಕೆ 50 ಸಾಕು. ಆದ್ರೆ ಫ್ಲಶ್ ನೀರು ಒಳಗೆ ಬಂದಾಗ ಅಷ್ಟೇ ಗಾಳಿ ಹೊರಗೆ ಹೋಗ್ಬೇಕು, ಪೈಪು ಮೂವತ್ತಡಿ ಎತ್ತರ ಹೋಗ್ಬೇಕು, ಜಾಲರಿ ಕಟ್ಕೊಳತ್ತೆ, ಇದೆಲ್ಲ ನೋಡಿ ನಾನು 75 ಅಂತೀನಿ. ತೋಟದಲ್ಲಿ ಒಂಟಿ ಟ್ಯಾಂಕು, 2 ಮೀಟರ್ ಪೈಪು ಅಂದ್ರೆ 50 ಹಾಕಿ ಬಿಡಿ, ಸುಮ್ನೆ ಖರ್ಚು ಯಾಕೆ.

ಸೈಜಿಗಿಂತ ಇಲ್ಲಿ ಮುಖ್ಯ ಇನ್ನೊಂದು ಇದೆ, ಟ್ಯಾಂಕಿನ ಒಳಗೆ ಪೈಪು ಬರೋ ಜಾಗ. ಅಲ್ಲಿ ಟೀ (T ಆಕಾರದ ಜೋಡಣೆ) ಹಾಕ್ಬೇಕು, ಮೇಲಿನ ಬಾಯಿ ತೆರೆದಿರ್ಬೇಕು, ಕೆಳಗಿನ ಕಾಲು ನೀರೊಳಗೆ ಮುಳುಗಿರ್ಬೇಕು. ಟೀ ಬದಲು ಎಲ್ಬೋ ಹಾಕಿದ್ರೆ ಪೈಪಿನ ಬಾಯಿ ನೀರೊಳಗೆ ಮುಚ್ಕೊಳತ್ತೆ, ಆಗ ಟ್ಯಾಂಕಿನ ವೆಂಟಿಗೂ ಮನೆ ಲೈನಿಗೂ ಸಂಬಂಧಾನೇ ಕಡಿದುಹೋಗತ್ತೆ. ಟ್ಯಾಂಕಿಗೆ ನಾಲ್ಕಿಂಚು ವೆಂಟ್ ಹಾಕಿದ್ರೂ ಫ್ಲಶ್ ಮಾಡಿದ್ರೆ ನೀರು ತಡವರಿಸ್ತಾ ಇಳಿಯತ್ತೆ, ನೀವು ಕಮೋಡ್ ಕಂಪ್ನಿನ ಬಯ್ಯೋದು. ಸ್ಲ್ಯಾಬ್ ಮುಚ್ಚೋ ಮುಂಚೆ ಖುದ್ದಾಗಿ ಬಗ್ಗಿ ನೋಡಿ. ಮುಚ್ಚಿ ಬಳಕೆಗೆ ಬಂದ ಮೇಲೆ ಯಾವ ಕಾರಣಕ್ಕೂ ಒಳಗೆ ಇಳೀಬೇಡಿ, ಯಾರನ್ನೂ ಇಳಿಸ್ಬೇಡಿ, ಆ ಗ್ಯಾಸಿಗೆ ಜೀವ ಹೋಗತ್ತೆ.

ಹಳ್ಳಿ ಕಡೆ ಎರಡು ಗುಂಡಿ ಶೌಚಾಲಯ, ತಂಬಿಗೆ ನೀರು ಹಾಕೋ ಥರದ್ದು, ಅದಕ್ಕೆ ವೆಂಟೇ ಬೇಡ. ಗುಂಡಿ ಗೋಡೆಯ ತೂತುಗಳಿಂದ ಗ್ಯಾಸು ಮಣ್ಣಿಗೇ ಇಳಿದುಹೋಗತ್ತೆ. ಅದಕ್ಕೂ ಒಂದು ಪೈಪು ನಿಲ್ಲಿಸಿ ಬಿಲ್ ಮಾಡೋರಿದ್ರೆ ಕೇಳಿ.

ಎತ್ತರ, ಬಗ್ಗು, ಅಡ್ಡ

ಎಷ್ಟೇ ದಪ್ಪ ಹಾಕಿ, ತಪ್ಪು ಜಾಗದಲ್ಲಿ ಬಿಟ್ರೆ ಕೆಲ್ಸಕ್ಕೆ ಬರಲ್ಲ. ಜನ ಓಡಾಡೋ ತಾರಸಿಯಾದ್ರೆ ನೆಲದಿಂದ ಕನಿಷ್ಠ 2 ಮೀಟರ್ ಮೇಲೆ, ಓಡಾಡದ ಮಾಡಾದ್ರೆ 60 ಸೆಂಟಿಮೀಟರ್ ಮೇಲೆ ಅಂತ ಕೋಡು. ನಮ್ಮಲ್ಲಿ ತಾರಸಿ ಅಂದ್ರೆ ಹಪ್ಪಳ ಸಂಡಿಗೆ ಒಣಗಿಸೋ ಜಾಗ, ಬಟ್ಟೆ ಹಾಕೋ ಜಾಗ, ಪಿಯುಸಿ ಓದೋ ಮಕ್ಕಳು ಫೋನಲ್ಲಿ ಮಾತಾಡೋ ಜಾಗ, ಅಲ್ಲಿ ಎದೆಯೆತ್ತರಕ್ಕೆ ವೆಂಟ್ ಬಿಡೋದು ನಾವೇ ನಮಗೆ ಮಾಡ್ಕೊಳೋ ದ್ರೋಹ. ಮೂರು ಮೀಟರ್ ಒಳಗೆ ಯಾವುದಾದ್ರೂ ಕಿಟಕಿ ಇದ್ರೆ ಅದ್ರ ನೆತ್ತಿಗಿಂತಾನೂ 2 ಮೀಟರ್ ಮೇಲೆ ಹೋಗ್ಬೇಕು. ಪಕ್ಕದವರು ಆಮೇಲೆ ಇನ್ನೊಂದು ಮಹಡಿ ಏರಿಸಿದ್ರೆ ನಿಮ್ಮ ಪೈಪೂ ಏರ್ಬೇಕಾಗತ್ತೆ, ಅದಕ್ಕೆ ತುದಿಗೆ ಸೊಲ್ಯೂಷನ್ ಹಾಕಿ ಅಂಟಿಸ್ಬೇಡಿ, ರಬ್ಬರ್ ರಿಂಗ್ ಇರೋ ಪೈಪು ಹಾಕಿದ್ರೆ ನಾಳೆ ಬಿಚ್ಚಿ ಉದ್ದ ಮಾಡಬಹುದು.

ಬಗ್ಗು ಎಷ್ಟು ಕಡಿಮೆಯೋ ಅಷ್ಟು ಒಳ್ಳೇದು. ಬಗ್ಗಿಸಲೇಬೇಕು ಅಂದ್ರೆ 90ರ ಎಲ್ಬೋ ಒಂದರ ಬದಲು 45ರ ಬೆಂಡ್ ಎರಡು. ಅಡ್ಡ ಹೋಗೋ ಭಾಗ ಇದ್ರೆ ನೀರು ನಿಲ್ಲದ ಹಾಗೆ ವಾಪಸ್ ಡ್ರೈನ್ ಕಡೆಗೆ ವಾಟ ಕೊಡಿ. ನಮ್ಮನೆ 40ರ ಪೈಪಿಗೆ ಮೂರು ಎಲ್ಬೋ ಇತ್ತು, ಎರಡನೇ ಎಲ್ಬೋ ಹತ್ರ ತಗ್ಗಿ ನೀರು ನಿಂತಿತ್ತು, ಅಂದ್ರೆ ಕಣಜ ಗೂಡು ಕಟ್ಟದೇ ಇದ್ರೂ ಅದು ಮುಚ್ಚಿದ ಪೈಪೇ.

ಇನ್ನೊಂದು, ತಾರಸಿ ಮಳೆ ನೀರನ್ನ ಇದೇ ಪೈಪಿಗೆ ಸೇರಿಸೋದು. "ಇನ್ನೊಂದು ಪೈಪು ಯಾಕೆ ಸಾರ್, ಇದ್ರಲ್ಲೇ ಬಿಟ್ಬಿಡೋಣ" ಅಂತಾರೆ. ಜೋರು ಮಳೇಲಿ ಪೈಪು ತುಂಬಿದ್ರೆ ವೆಂಟ್ ಇಲ್ಲ, ಜೊತೆಗೆ ಯುಜಿಡಿಗೆ ಮಳೆ ನೀರು ಬಿಟ್ರೆ ತಗ್ಗಲ್ಲಿರೋರ ಮನೆ ಕಮೋಡಿಂದ ಊರಿನ ನೀರೆಲ್ಲ ಉಕ್ಕತ್ತೆ. ಪೈಪಿನ ಬಾಯಿಗೆ ನೇರವಾಗಿ ಬೀಳೋ ನಾಕು ಹನಿ ಮಳೆಯಿಂದ ಏನೂ ಆಗಲ್ಲ, ಅದಕ್ಕೆ ತಲೆಕೆಡಿಸ್ಕೊಂಡು ಬಾಯಿ ಮುಚ್ಬೇಡಿ.

ಈಗ ಒನ್ ವೇ ಏರ್ ವಾಲ್ವ್ ಅಂತ ಬಂದಿದೆ, ಪೈಪಿನ ತುದಿಗೆ ಹಾಕಿದ್ರೆ ಎಳೆತ ಬಂದಾಗ ತೆಗೆದು ಗಾಳಿ ಒಳಗೆ ಬಿಡತ್ತೆ, ಇಲ್ಲದಿದ್ರೆ ಮುಚ್ಕೊಂಡಿರತ್ತೆ, ತಾರಸಿ ತನಕ ಪೈಪೇ ಬೇಡ ಅಂತಾರೆ. ಟೈಲ್ಸ್ ಒಡೆಯೋಕೆ ಮನಸ್ಸಿಲ್ಲದ ಹಳೇ ಮನೆಗೆ, ದೂರದ ಬಾತ್ರೂಮಿಗೆ, ಕೊಂಬೆ ವೆಂಟಿನ ಬದಲಿಗೆ ಒಳ್ಳೇ ಉಪಾಯ. ಆದ್ರೆ ಅದು ಗಾಳಿನ ಒಳಗೆ ಮಾತ್ರ ಬಿಡತ್ತೆ, ಹೊರಗೆ ಬಿಡಲ್ಲ. ಮನೆಗೆ ಅದೊಂದೇ ವೆಂಟ್ ಆದ್ರೆ ಕೆಳಗಿನ ಒತ್ತಡಕ್ಕೆ, ಟ್ಯಾಂಕಿನ ಗ್ಯಾಸಿಗೆ ದಾರಿ ಇಲ್ಲ. ಎಲ್ಲೋ ಒಂದು ಕಡೆ ಬಾಯಿ ತೆರೆದ ಪೈಪು ಇರಲೇಬೇಕು, ಜೊತೆಗೆ ಇದು.

ಸೈಜ್ ಏರಿಸಿದ್ರೂ ಹೋಗದೇ ಇರೋದು

ನಮ್ಮನೇಲಿ 40 ಕಿತ್ತು, ರೆಡ್ಯೂಸರ್ ಕತ್ತರಿಸಿ, ಮಲದ ಲೈನನ್ನೇ 110ರಲ್ಲಿ ನೆಟ್ಟಗೆ ತಾರಸಿಯಿಂದ ಏಳಡಿ ಎತ್ತಿಸಿದ್ವಿ. ಒಂದು ದಿನದ ಕೆಲಸ. ಮೇಲಿನ ಸ್ನಾನದ ಮನೆ ಗುಳುಗುಳು ಅವತ್ತೇ ನಿಂತ್ತು, ವಾರದಲ್ಲಿ ವಾಸನೆ ಹೋಯ್ತು. ಆದ್ರೆ ಕೆಳಗಿನ ಕಮೋಡಿನ ಬುಳಕ್ ನಿಲ್ಲಲೇ ಇಲ್ಲ! ನನಗೆ ತಲೆ ಕೆಟ್ಟೋಯ್ತು. ಆ ಹಿರಿಯ ಪ್ಲಂಬರ್ ನಕ್ಕು ಹೇಳಿದ್ರು, ಅದು ಬೇರೆ ಕಾಯಿಲೆ ಸಾರ್ ಅಂತ. ಮೇಲಿಂದ ಬಿದ್ದ ನೀರು ಬುಡದ ಬೆಂಡಿಗೆ ಬಡಿದು ವೇಗ ಕಳ್ಕೊಂಡು ಒಂದು ಕ್ಷಣ ಪೈಪು ತುಂಬ್ಕೊಳತ್ತೆ, ಹಿಂದೆ ಬರ್ತಿರೋ ಗಾಳಿ ಅಲ್ಲಿ ಸಿಕ್ಕಾಕ್ಕೊಂಡು ಹತ್ತಿರದ ಬಾಯಿ ಹುಡುಕತ್ತೆ, ಆ ಬಾಯಿ ನಮ್ಮ ಕೆಳಗಿನ ಕಮೋಡು, ಅದನ್ನ ಬುಡದ ಪಕ್ಕದಲ್ಲೇ ಅದೇ ಲೈನಿಗೆ ಸೇರಿಸಿದ್ರಿಂದ. ಮೇಲಿನ ವೆಂಟು ಎಳೆತಕ್ಕೆ ಮದ್ದು, ತಳ್ಳೋದಕ್ಕೆ ಅಲ್ಲ. ಕೆಳಗಿನ ಟಾಯ್ಲೆಟ್ ಲೈನನ್ನ ಬಿಡಿಸಿ ಬೇರೆಯಾಗಿ ಚೇಂಬರಿಗೆ ಬಿಟ್ಟು, ಅದಕ್ಕೆ ಒಂದು 75 ಹೊರಗೋಡೆ ಮೇಲೆ ಎತ್ತಿ ಮೇಲೆ ಹೋಗಿ 110ಕ್ಕೆ ಸೇರಿಸಿದ್ರು, ಮೇಲಿನ ಬೇಸಿನ್ನು ಸ್ನಾನದ ಮನೆ ಲೈನು ಎಲ್ಲಾ ಸೇರೋ ಜಾಗಕ್ಕಿಂತ ಮೇಲೆ, ಇಲ್ಲಾಂದ್ರೆ ವೆಂಟಲ್ಲಿ ನೀರು ಇಳಿಯತ್ತೆ. ಬುಡದ ಒಂಟಿ ಎಲ್ಬೋ ತೆಗೆದು ಎರಡು 45 ಹಾಕಿದ್ರು. ಇದಕ್ಕೆ ಅಂಗಳ ಅಗೆದು ಎರಡು ದಿನ, ಕಟ್ಟಿಸೋವಾಗಲೇ ಮಾಡಿದ್ರೆ ಏನೂ ಖರ್ಚೇ ಇರ್ತಿರ್ಲಿಲ್ಲ. ನೀವು ಕಟ್ಟಿಸ್ತಾ ಇದ್ರೆ ಕೆಳಗಿನ ಟಾಯ್ಲೆಟ್ ಯಾವತ್ತೂ ಬೇರೆ ಲೈನಲ್ಲಿ ಚೇಂಬರಿಗೆ ಹೋಗ್ಲಿ.

ವಾಸನೆ ಬಂತು ಅಂದ ಕೂಡಲೇ ವೆಂಟ್ ಒಡೆಯೋಕೂ ಹೋಗ್ಬೇಡಿ. ಬಳಸದೇ ಇರೋ ಗೆಸ್ಟ್ ರೂಮಿನ ಬಾತ್ರೂಮ್ ಬೇಸಿಗೇಲಿ ನಾರ್ತಾ ಇದ್ರೆ ಟ್ರ್ಯಾಪಿನ ನೀರು ಆರಿಹೋಗಿದೆ ಅಷ್ಟೇ, ವಾರಕ್ಕೊಂದ್ಸಲ ಎರಡು ಚೊಂಬು ನೀರು ಹಾಕಿ. ಹಳೇ ನಹಾನಿ ಟ್ರ್ಯಾಪುಗಳಲ್ಲಿ (ಸ್ನಾನದ ಮನೆ ನೆಲದ ಟ್ರ್ಯಾಪು) ಕೆಲವಕ್ಕೆ 50 ಎಂಎಂ ನೀರೇ ನಿಲ್ಲಲ್ಲ, ಒಳಗಿನ ಬಟ್ಟಲು ಕ್ಲೀನ್ ಮಾಡೋಕೆ ತೆಗೆದು ವಾಪಸ್ ಇಡೋದನ್ನ ಮರೆತಿರ್ತಾರೆ, ಅದನ್ನೂ ನೋಡಿ.

ವೆಂಟ್ ಕೆಲಸ ಮಾಡ್ತಿದೆಯಾ ಅಂತ ನೋಡೋಕೆ ಕೆಲವರು ಪೈಪಿನ ಬಾಯಿಗೆ ಊದುಬತ್ತಿ ಹಿಡೀತಾರೆ, ಬೇಡ, ಅಲ್ಲಿಂದ ಬರೋ ಗಾಳೀಲಿ ಮೀಥೇನ್ ಇರಬಹುದು. ತೆಳು ಪ್ಲಾಸ್ಟಿಕ್ ಕವರಿಂದ ಒಂದು ಗೇಣು ಪಟ್ಟಿ ಕತ್ತರಿಸಿ ಕೌಲ್ ಪಕ್ಕ ಹಿಡ್ಕೊಂಡು ನಿಂತ್ಕೊಳ್ಳಿ, ಕೆಳಗಿಂದ ಯಾರಾದ್ರೂ ಫ್ಲಶ್ ಮಾಡ್ಲಿ, ಪಟ್ಟಿ ಸರ್ ಅಂತ ಪೈಪಿನ ಕಡೆ ವಾಲ್ಬೇಕು. ನಮ್ಮನೇಲಿ ಆವತ್ತು ಪಟ್ಟಿ ಹಿಡ್ಕೊಂಡು ತಾರಸಿ ಮೇಲೆ ನಿಂತೋನು ನಾನು, ಕೆಳಗೆ ಫ್ಲಶ್ ಮಾಡಿದ್ದು ಮಾವ, ಮಧ್ಯ ಮೆಟ್ಟಿಲ ಮೇಲೆ ನಿಂತು "ಹಾಂ ಈಗ, ತಾತ ಈಗ" ಅಂತ ಕೂಗಿದ್ದು ಮಗಳು. ಆರು ಸಲ ಮಾಡ್ಸಿದ್ಲು, ಓವರ್‌ಹೆಡ್ ಟ್ಯಾಂಕ್ ನೀರು ಖಾಲಿಯಾಗೋವರೆಗೂ.